ಅರಸರೇ ಎಂದು ಕರೆಯುವವರು

"ಇಳಿಸಿ ಅಂದೆನಲ್ಲ! ಹಾಡಿಲ್ಲದೆ ಅವಳನ್ನ ಎತ್ತಬಾರ್ದು," ಎಂದು ನೆರೆಮನೆಯ ಅಣ್ಣಮ್ಮ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹೊತ್ತ ನಾಲ್ವರೂ ತಡವರಿಸಿ, ಗಿಡ್ಡಮ್ಮನ ಹೆಣವನ್ನು ಕೂಲಿ ಲೈನಿನ ಮನೆಗಳ ಮುಂದೆ ಮತ್ತೆ ನೆಲಕ್ಕಿಟ್ಟರು.

"ಯಾರು ಹಾಡೋದು ಮಾರಾಯ್ತಿ?" ಎಂದ ಹೊತ್ತವರಲ್ಲಿ ಹಿರಿಯನಾದ ಜವರಯ್ಯ. "ಸಂಸೆ ಸುತ್ತಲ ಎಸ್ಟೇಟಿಗೆಲ್ಲ ಹಾಡೋಳು ಅಂತ ಇದ್ದೋಳು ಇವಳೊಬ್ಬಳೇ. ಇವಳೂ ಹನ್ನೊಂದು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಅಷ್ಟು ಜನ ಹಾಡಿಲ್ಲದೇ ಹೋದ್ರಲ್ಲ."

"ಅವರು ಹೋದ್ರು. ಇವಳು ಹೋಗಬಾರ್ದು."

ಅದು ಅಳುವ ಹಾಡಲ್ಲ, ಕರೆಯುವ ಹಾಡು. ಬದುಕಿರುವಷ್ಟು ದಿನ 'ಏ', 'ಲೋ' ಎನಿಸಿಕೊಂಡ ಕೂಲಿಯವನನ್ನು ಗಿಡ್ಡಮ್ಮ ಆ ಒಂದು ದಿನ ಅರಸನೆನ್ನುತ್ತಿದ್ದಳು. ಅವಳ ಹಾಡಿನಲ್ಲಿ ಅವನಿಗೆ ಎಡಬಲಕ್ಕೂ ಚಾಮರ. ಎದುರುಗೊಳ್ಳಲು ಕೈಲಾಸದ ಒಡೆಯನೇ ಸಿಂಹಾಸನದಿಂದ ಏಳುತ್ತಿದ್ದ. ಹಾಗೆ ಕರೆಸಿಕೊಳ್ಳದವನು ಎಲ್ಲಿಗೂ ಹೋಗಲಾರದೆ ಇಲ್ಲೇ ನಿಂತಿರುತ್ತಾನೆ ಎಂದು ಲೈನಿನವರು ನಂಬಿದ್ದರು.

* * *

ಹನ್ನೊಂದು ವರ್ಷದ ಹಿಂದೆ ಚಳಿಜ್ವರ ಬಂಗಲೆಯನ್ನೂ ಲೈನನ್ನೂ ಒಂದೇ ವಾರದಲ್ಲಿ ಹೊಕ್ಕಿತ್ತು. ಎಸ್ಟೇಟಿನ ಬಿಳಿ ದೊರೆ ಕೋಳಿ ಕೂಗುವ ಹೊತ್ತಿಗೆ ಸತ್ತ. ಬೆಳಕು ಹರಿಯುವಾಗ ಗಿಡ್ಡಮ್ಮನ ಗಂಡ ಮಾರಯ್ಯ ಸತ್ತ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಇನ್ನೇನು ಹಾಡಬೇಕು, ಬಾಗಿಲಲ್ಲಿ ಮೇಸ್ತ್ರಿ ಗುರುವಯ್ಯ ನಿಂತಿದ್ದ.

"ಬಂಗ್ಲೆಗೆ ಬಾ. ದೊರೆಗಳಿಗೆ ಹಾಡ್ಬೇಕು. ದೊರೆಸಾನಿ ಎದುರಿಗೆ ನಮ್ಮ ಜನ ಸುಮ್ನೆ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಇವ್ರು ಹಿಂಗೆ ಮಲಗವ್ರೆ, ಅಯ್ಯಾ."

"ಅವನೆಲ್ಲಿಗೆ ಹೋಗ್ತಾನೆ? ಬಾ."

ಮಧ್ಯಾಹ್ನದವರೆಗೂ ಬಂಗಲೆಯ ಅಂಗಳದಲ್ಲಿ ನಿಂತು ಹಾಡಿದಳು. ದೊರೆಸಾನಿ ಕಿಟಕಿಯ ಪರದೆ ಎಳೆದುಕೊಂಡಳು. ಗಿಡ್ಡಮ್ಮ ಓಡುತ್ತ ಮನೆಗೆ ಬಂದರೆ ಗುಡಿಸಿದ ನೆಲ. ಜ್ವರದ ಹೆಣ ಇಟ್ಟುಕೊಳ್ಳಬಾರದೆಂದು ಗುರುವಯ್ಯನೇ ಆಳು ಕಳಿಸಿ ಮಣ್ಣು ಮಾಡಿಸಿದ್ದ.

"ಈಗಲಾದ್ರೂ ಹಾಡೇ," ಎಂದು ಅಣ್ಣಮ್ಮ ಎಷ್ಟೋ ಸಲ ಹೇಳಿದ್ದಳು.

"ಬಾಯಿ ತೆಗೆದ್ರೆ ಆ ದೊರೆ ಮಕ ಬರ್ತದೆ ಕಣೆ. ಇವ್ರ ಮಕ ಬರಲ್ಲ." ಆಮೇಲೆ ಹಳ್ಳದ ಬದಿಯ ಕಾಫಿ ಸಾಲಿನತ್ತ ಕೈ ತೋರಿಸುತ್ತಿದ್ದಳು. "ಅಗೋ, ನಿಂತವ್ರೆ. ಕರೀದೆ ಹೆಂಗೆ ಹೋಗ್ತಾರೆ?"

ಅಣ್ಣಮ್ಮನಿಗೆ ಗಿಡಗಳಷ್ಟೇ ಕಾಣುತ್ತಿದ್ದವು. ಆದರೂ ಆ ಸಾಲಿನಲ್ಲಿ ಹಣ್ಣು ಕೀಳಲು ಅವಳು ಒಬ್ಬಳೇ ಹೋಗುತ್ತಿರಲಿಲ್ಲ.

* * *

ಈಗ ಗುಂಪಿನ ಹಿಂದಿನಿಂದ ಕೋಲೂರಿಕೊಂಡು ಬಂದವನು ಅದೇ ಗುರುವಯ್ಯ. ಮೇಸ್ತ್ರಿಕೆ ಬಿಟ್ಟು ಬಹಳ ದಿನವಾಗಿತ್ತು, ಬೆನ್ನು ಬಾಗಿತ್ತು.

"ನಾನು ಹಾಡ್ಲಾ?" ಎಂದ.

ಅಣ್ಣಮ್ಮ ಬಿದಿರನ್ನು ಬಿಡದೆ ಅವನತ್ತ ತಿರುಗಿದಳು. "ನೀವಾ? ಯಾವ ಬಾಯಲ್ಲಿ ಕೇಳ್ತೀರಿ?"

"ಹಳ್ಳದ ಸಾಲಲ್ಲಿ ನಾನೂ ನೋಡೀನಿ ಮಾರನ್ನ. ಒಂದು ದಿನಾನೂ ಬೈಲಿಲ್ಲ. ಸುಮ್ನೆ ನೋಡ್ತಾನೆ." ಗುರುವಯ್ಯ ಹೆಣದತ್ತ ತಿರುಗಲಿಲ್ಲ. "ಹನ್ನೊಂದು ವರ್ಷ ಆಯ್ತು, ಅಣ್ಣಮ್ಮ. ನಂಗೆ ನಿದ್ದೆ ಇಲ್ಲ."

ಅಣ್ಣಮ್ಮ ಬಿದಿರಿನಿಂದ ಕೈ ತೆಗೆದಳು. ನಾಲ್ವರು ಚಟ್ಟ ಎತ್ತಿದರು.

ಹಳ್ಳದ ಬದಿಯ ಕಾಲುದಾರಿಗೆ ಬಂದಾಗ ಇಬ್ಬನಿ ಇನ್ನೂ ಕರಗಿರಲಿಲ್ಲ. ಅಲ್ಲಿ ಗುರುವಯ್ಯ ನಿಂತ. ಜೀವಮಾನವೆಲ್ಲ 'ಲೋ ಮಾರ' ಎಂದವನ ದನಿ ಒಡೆದು ಬಂತು:

"ಬನ್ನಿ ಮಾರಯ್ಯ ಅರಸರೇ, ಬನ್ನಿ,
ಬೆಳ್ಗೊಡೆ ಹಿಡಿದೇವು, ಬನ್ನಿ.
ಅರಸಿ ಗಿಡ್ಡಮ್ಮ ಹೊರಟವ್ರೆ, ಮುಂದೆ ನಡೀರಿ,
ನಿಮ್ಮ ಹಿಂದೆ ನಾವು ಬಂದೇವು."

ಯಾರೋ ಸರಿಸಿಕೊಂಡು ಬಂದ ಹಾಗೆ ಎಡಗಡೆಯ ಕಾಫಿ ಗಿಡಗಳಿಂದ ನೀರು ಪಟಪಟನೆ ಉದುರಿತು. ಜವರಯ್ಯ ಹೆಗಲ ಮೇಲಿನ ಬಿದಿರನ್ನು ಬಿಗಿಯಾಗಿ ಹಿಡಿದು ದಾರಿಯ ಬಲ ಅಂಚಿಗೆ ಸರಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮೈ ಕುಗ್ಗಿಸಿ ಗಿಡಗಳಿಗೆ ಒತ್ತಿಕೊಂಡರು. ಎಡಗಡೆ ಒಬ್ಬರು ನಡೆಯುವಷ್ಟು ದಾರಿ ಖಾಲಿಯಾಯಿತು. ಗುರುವಯ್ಯ ತಲೆಯ ವಸ್ತ್ರವನ್ನು ಬಿಚ್ಚಿ ಕಂಕುಳಿಗೆ ಸೇರಿಸಿ, ಆ ಖಾಲಿ ದಾರಿಗೆ ಸೊಂಟದವರೆಗೂ ಬಾಗಿ ನಿಂತ.