ಅಡಕತ್ತರಿಗೆ ಸಿಕ್ಕ ಮಾತ್ರೆ

ಕಮ್ಮರಡಿಯ ನಾಗಪ್ಪ ಕಾಮೆಂಟ್ರಿಗೆ ಮೈಕ್ ಹಿಡಿಯದೆ ಸುತ್ತಲಿನ ಯಾವ ವಾಲಿಬಾಲ್ ಪಂದ್ಯವೂ ಶುರುವಾಗುವುದಿಲ್ಲ. ಬರುವ ಭಾನುವಾರವೇ ಪಂದ್ಯ. ಆದರೆ ಹನ್ನೆರಡು ದಿನದಿಂದ ಅವರ ಮೂಗು ಕಟ್ಟಿದೆ, ಕೆನ್ನೆ ಸಿಡಿಯುತ್ತಿದೆ, ಜ್ವರ ಬೇರೆ. ತಮ್ಮ ಹೆಸರನ್ನೇ ‘ದಾಗಪ್ಪ’ ಎನ್ನುತ್ತಿದ್ದಾರೆ. ಸಮಿತಿಯವರು ಮೆಲ್ಲಗೆ ಬೇರೆ ಗಂಟಲು ಹುಡುಕುತ್ತಿದ್ದಾರೆ.

ಸೋಮವಾರ ಕೊಪ್ಪದ ಡಾಕ್ಟರು ನೋಡಿ, ಸೈನಸ್‌ನಲ್ಲಿ ಬ್ಯಾಕ್ಟೀರಿಯಾ ಸೋಂಕು ಎಂದರು. ದಿನಕ್ಕೊಂದರಂತೆ ಏಳು ದಿನ, ಊಟದ ಜೊತೆ ನುಂಗಲು ಮಾತ್ರೆ ಬರೆದರು.

“ಇದೆಂತ ರಾಧಾ, ಇಷ್ಟು ದಪ್ಪ! ಎಮ್ಮೆಗೆ ಕೊಡೋದನ್ನ ನಂಗೆ ಕೊಟ್ಟಿದಾರಾ?” ಎಂದು ನಾಗಪ್ಪ ಹೆಂಡತಿಯನ್ನು ಕೇಳಿದರು. ಎಲೆತಟ್ಟೆಯಿಂದ ಅಡಕತ್ತರಿ ತೆಗೆದು ಕಟಕ್ಕೆಂದು ಮಾತ್ರೆಯನ್ನು ಎರಡು ಹೋಳು ಮಾಡಿದರು. ಎಲೆಯಡಕೆಯ ಕವಳ ಹಾಕಲು ಬಂದಿದ್ದ ಪಕ್ಕದ ಮನೆಯ ವೀರಪ್ಪನವರಿಗೂ ನಿನ್ನೆಯಿಂದ ನೆಗಡಿ. ಅಡಕೆ ಹೋಳನ್ನು ಒಬ್ಬರೇ ತಿನ್ನುವ ರೂಢಿ ಆ ಜಗಲಿಯಲ್ಲಿಲ್ಲ. ಮಾತ್ರೆಯ ಹೋಳೂ ಹಾಗೆಯೇ ಹಂಚಿಹೋಯಿತು.

ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಹೊಟ್ಟೆ ಕೆಟ್ಟಿತು. ಪಾಯಿಖಾನೆಯ ಒಳಗೆ ನಾಗಪ್ಪ, ಬಾಗಿಲಲ್ಲಿ ವೀರಪ್ಪ.

“ಬೇಗ ಹೊರಗೆ ಬಾ ಮಾರಾಯ, ಕಾಮೆಂಟ್ರಿ ಆಮೇಲೆ ಹೇಳು.”

ಅಷ್ಟರಲ್ಲಿ ಜ್ವರ ವಿಚಾರಿಸಲು ಆಶಾ ಕಾರ್ಯಕರ್ತೆ ದಾಕ್ಷಾಯಣಮ್ಮ ಬಂದರು. ರಾಧಮ್ಮ ಅಡಕತ್ತರಿಯನ್ನೂ ಉಳಿದ ಮಾತ್ರೆಗಳನ್ನೂ ತೋರಿಸಿದರು.

“ನಾಗಪ್ಪಣ್ಣ, ಇದು ದಿನವಿಡೀ ಸ್ವಲ್ಪ ಸ್ವಲ್ಪವೇ ಮದ್ದು ಬಿಡೋ ಮಾತ್ರೆ. ಕತ್ತರಿಸಬಾರದು, ಕುಟ್ಟಬಾರದು, ಅಗಿಯಬಾರದು.”

“ಅರ್ಧ ತಿಂದ್ರೆ ಅರ್ಧ ಕೆಲಸ ಮಾಡ್ತದಲ್ಲ ದಾಕ್ಷಾಯಣಕ್ಕ.”

“ಸಂಜೆವರೆಗೆ ಹೇಳೋ ಕಾಮೆಂಟ್ರಿನ ಮೊದಲ ಹತ್ತು ನಿಮಿಷಕ್ಕೇ ಕಿರುಚಿ ಮುಗಿಸಿದ್ರೆ, ಫೈನಲ್‌ಗೆ ನಿಮ್ಮ ಗಂಟಲು ಇರ್ತದಾ?”

ನಾಗಪ್ಪ ಅಡಕತ್ತರಿಯನ್ನು ಎಲೆತಟ್ಟೆಗೆ ಹಾಕಿದರು.

“ಹಂಗಾದ್ರೆ ನನ್ನ ನೆಗಡಿಗೆ?” ಎಂದರು ವೀರಪ್ಪ.

“ನಿಮ್ಮದು ಬರೀ ನೆಗಡಿ, ವೈರಸ್‌ನಿಂದ ಬಂದದ್ದು. ಬ್ಯಾಕ್ಟೀರಿಯಾ ಕೊಲ್ಲೋ ಈ ಮಾತ್ರೆ ಅದಕ್ಕೆ ಎಂತದೂ ಮಾಡೋದಿಲ್ಲ. ನಿಮಗೆ ಸಿಕ್ಕಿದ್ದು ಪಾಯಿಖಾನೆ ಬಾಗಿಲು ಅಷ್ಟೆ.”

ದಾಕ್ಷಾಯಣಮ್ಮನೇ ಡಾಕ್ಟರಿಗೆ ಫೋನ್ ಹಚ್ಚಿದರು. ಮರುದಿನದಿಂದ ಇಡೀ ಮಾತ್ರೆ, ಲೆಕ್ಕ ಮೊದಲಿನಿಂದ, ಕಮ್ಮಿಬೀಳುವ ಒಂದು ಮಾತ್ರೆ ಡಾಕ್ಟರೇ ಕೊಡುವುದು ಎಂದು ತೀರ್ಮಾನವಾಯಿತು.

ಶುಕ್ರವಾರ ಮೂಗು ಬಿಟ್ಟಿತು. “ವಾಸಿಯಾಯ್ತಲ್ಲ, ಉಳಿದದ್ದು ಮುಂದಿನ ಸಲಕ್ಕೆ” ಎಂದು ನಾಗಪ್ಪ ಎತ್ತಿಡಲು ಡಬ್ಬಿ ಹುಡುಕಿದರು.

ರಾಧಮ್ಮ ಕೈ ಹಿಡಿದರು. “ಮೊದಲನೇ ಸೆಟ್ ಗೆದ್ದ ಕೂಡ್ಲೆ ಕಪ್ ಕೊಟ್ಟುಬಿಡ್ತೀರಾ ನೀವು? ಎದುರಿನವರು ಇನ್ನೂ ಅಂಕಣದಲ್ಲೇ ಇರ್ತಾರೆ.”

ಭಾನುವಾರ ನಾಗಪ್ಪನವರ ದನಿ ಬಸ್ ನಿಲ್ದಾಣದವರೆಗೆ ಕೇಳಿಸಿತು. ಮಧ್ಯಾಹ್ನ ಮೈಕಿನಲ್ಲಿ ಹೇಳಿದರು: “ಪ್ರೇಕ್ಷಕರೇ, ಈಗ ಊಟದ ವಿರಾಮ. ನನ್ನ ಆರನೇ ಮಾತ್ರೆಗೂ ಹೊತ್ತಾಯ್ತು. ಇಡಿಯಾಗಿ ನುಂಗ್ತೇನೆ. ವೀರಪ್ಪ, ನಿಂಗಿಲ್ಲ.”

ಓದುತ್ತಿರುವ ಅಕ್ಕ, ಅಣ್ಣಂದಿರೇ, ಎಲ್ಲ ನೆಗಡಿಗೂ ಇಂಥ ಮಾತ್ರೆ ಬೇಡ. ಡಾಕ್ಟರು ಕೊಟ್ಟರೆ ಹೇಳಿದಷ್ಟು ದಿನವೂ ತಗೊಳ್ಳಿ. ನುಂಗಲು ಕಷ್ಟವಾದರೆ, ಮೈಗೆ ಒಗ್ಗದಿದ್ದರೆ ಅವರನ್ನೇ ಕೇಳಿ. ನಿಮ್ಮ ಮಾತ್ರೆ ನಿಮಗೆ ಮಾತ್ರ. ಹಂಚಿಕೊಳ್ಳಲು ಕವಳ ಇದ್ದೇ ಇದೆ, ಅಡಕತ್ತರಿಗೆ ಆ ಕೆಲಸವೇ ಸಾಕು.