ಹಸಿ ಹುಲ್ಲಿನ ಮೇಲೆ ಮೈಕು

“ಚಪ್ಪಲ್ ಬಿಟ್ಟ ಬಾರಲೇ, ಸೂಳಿಮಗನ! ಪುಣೇದಿಂದ ತರಿಸಿದ ಹುಲ್ಲೈತಿ. ನಿಮ್ಮಪ್ಪನ ಹೊಲಾ ಅಂತ ತಿಳದಿ ಏನ?”

ಬೈದವರು ಅಥಣಿ ರಸ್ತೆಯ ಹೊಸ ಬಡಾವಣೆಯ ವಾಕಿಂಗ್ ಕ್ಲಬ್ಬಿನ ಅಧ್ಯಕ್ಷ ರಾಯಪ್ಪಗೌಡರು. ಬೈಸಿಕೊಂಡವನು ನಾನು, ಅಯೂಬ. ಸಿದ್ಧೇಶ್ವರ ಗುಡಿಯ ಹಿಂದಿನ ಸಂದಿಯಲ್ಲಿ ಕೂತು ಸ್ಪೀಕರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ಸಂಜೆ ಬಡಾವಣೆಯ ಪಾರ್ಕಿನಲ್ಲಿ ನಡೆಯುವ ಕ್ಲಬ್ಬಿನ ಸಮಾರಂಭಕ್ಕೆ ಮೈಕು ಜೋಡಿಸಲು ಬಂದಿದ್ದೆ. ಗೌಡರ ಕಾಲಲ್ಲಿ ದಪ್ಪ ರಬ್ಬರಿನ ಬೂಟುಗಳಿದ್ದವು. ಅವರ ಬೂಟು ತುಳಿದರೆ ಹುಲ್ಲಿಗೆ ನೋವಾಗುವುದಿಲ್ಲವೆಂದು ಕಾಣುತ್ತದೆ.

ಬರಿಗಾಲಲ್ಲಿ ಇಳಿದೆ. ಆಗಷ್ಟೇ ನೀರು ಬಿಟ್ಟಿದ್ದರು. ಮೈಕಿಗೆ ಬೆರಳು ತಾಗಿಸಿದ್ದೇ ತಡ, ಮೊಣಕೈವರೆಗೆ ಜುಮ್ಮೆಂದು ಹಿಡಿದು ಒಗೆಯಿತು.

ತಪ್ಪು ನನ್ನದೇ. ಹೋದ ತಿಂಗಳು ಕ್ಲಬ್ಬಿನ ಈ ಸ್ಪೀಕರು ಗುಂಯ್ ಎನ್ನುತ್ತದೆಂದು ಗೌಡರು ಮಂದಿಯ ಮುಂದೆ ನನ್ನ ಕಿವಿ ಹಿಂಡಿದ್ದರು. ನಲವತ್ತು ವರ್ಷದವನ ಕಿವಿ! ಸದ್ದು ನಿಲ್ಲಿಸಲು ನಮ್ಮ ಕಸುಬಿನವರು ಮಾಡುವುದನ್ನೇ ಮಾಡಿದೆ. ಅರ್ಥಿಂಗ್ ವಾಯರ್ ಕತ್ತರಿಸಿ ಬಿಟ್ಟೆ. ಗುಂಯ್ ನಿಂತಿತು. ಸೋರುವ ಕರೆಂಟು ನೆಲಕ್ಕೆ ಇಳಿಯುವ ದಾರಿಯೂ ಮುಚ್ಚಿಹೋಯಿತು. ಇನ್ನು ಅದು ಮೈಕು ಹಿಡಿದವರ ಮೈಯಿಂದಲೇ ಇಳಿಯಬೇಕು.

ಜನರೇಟರ್ ತರಿಸಿರಲಿಲ್ಲ. “ಕಂಬದಾಗ ಕರೆಂಟ್ ಹರ್ಯಾಕತ್ತೈತಿ, ಡೀಸೆಲ್ ಯಾಕ ಸುಡಬೇಕು?” ಎಂದು ಗೌಡರು ಬೆಳಿಗ್ಗೆ ನನ್ನ ಕೈಯಿಂದಲೇ ಬೀದಿಯ ಕಂಬಕ್ಕೆ ಕೊಕ್ಕೆ ಹಾಕಿಸಿದ್ದರು.

“ಗೌಡ್ರ, ಮೈಕ್ ಶಾಕ್ ಹೊಡ್ಯಾಕತ್ತೈತ್ರಿ. ಒಂದ ಕಬ್ಬಿಣದ ಸರಳ ನೆಲದಾಗ ಹೊಡದ, ಉಪ್ಪಿನ ನೀರ ಹಾಕಿ ಅರ್ಥಿಂಗ್ ಕೊಡ್ತೇನ್ರಿ.”

ಗೌಡರು ಮೈಕು ಎತ್ತಿಕೊಂಡರು. “ಹಲೋ, ಹಲೋ. ಎಲ್ಲೈತಲೇ ಶಾಕ್?”

“ನಿಮ್ಮ ಕಾಲಾಗ ಬೂಟ್ ಅದಾವಲ್ರಿ.”

“ಈ ಹುಲ್ಲಾಗ ಸರಳ ಹೊಡದಿ ಅಂದ್ರ ಅದನ್ನ ನಿನ್ನ ಕುಂಡ್ಯಾಗ ಹೊಡಿತೇನಿ. ಮೈಕ್ ಬಂದ್ ಮಾಡಿ ನೋಡು, ಕರೆಂಟ್ ಕದ್ದಾನಂತ ಪೊಲೀಸರಿಗೆ ಹಿಡಿಸಿ ಕೊಡ್ತೇನಿ. ಕೊಕ್ಕಿ ಹಾಕಿದ ಕೈ ಯಾರದಲೇ?”

ಹೆಂಡತಿ ಸುರೈಯಾಳ ಮುಖ ಕಣ್ಣ ಮುಂದೆ ಬಂತು. ಸರಳನ್ನು ಮತ್ತೆ ಚೀಲಕ್ಕೆ ತುರುಕಿದೆ. ಹೇಳಿಕೊಳ್ಳಲು ನಾಚಿಕೆಯೇನು, ಬಹಳ ಹೆದರಿದ್ದೆ.

ಸಂಜೆ ಐದಕ್ಕೆ ಕುರ್ಚಿಗಳು ತುಂಬಿದವು. ಭಾಷಣ ಮಾಡಿದವರೆಲ್ಲ ಬೂಟಿನವರೇ. ಆದರೂ ಒಬ್ಬೊಬ್ಬರು ಮೈಕಿಗೆ ಕೈ ಚಾಚಿದಾಗಲೂ ನಾನು ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಕೊನೆಗೆ ಗೌಡರು ಎದ್ದರು.

“ಈಗ ನಮ್ಮ ಬಡಾವಣೆ ಕಸಾ ಹೊಡಿಯೋ ಪರಸವ್ವಗ ಸನ್ಮಾನ. ಆಕಿ ಎರಡ ಮಾತ ಹೇಳ್ತಾಳ. ಬಾರಬೇ, ಪರಸವ್ವ!”

ಪರಸವ್ವ ದಿನಾ ಟಿಕೋಟಾದಿಂದ ಮೊದಲ ಬಸ್ಸಿಗೆ ಬರುವವಳು. ಮಧ್ಯಾಹ್ನ ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದು ನನಗೆ ಕೊಟ್ಟಿದ್ದಳು. ಯಾರೂ ಹೇಳದಿದ್ದರೂ ಹುಲ್ಲಿನ ಅಂಚಿಗೇ ಹವಾಯಿ ಚಪ್ಪಲಿ ಬಿಟ್ಟಳು. ಸೆರಗು ಸರಿಮಾಡಿಕೊಂಡು ಹಸಿ ಹುಲ್ಲಿನ ಮೇಲೆ ನಡೆದಳು. ಗೌಡರು ಮೈಕನ್ನು ಅವಳ ಕಡೆ ಚಾಚಿದರು.

“ಬ್ಯಾಡ ಯವ್ವಾ, ಮುಟ್ಟಬ್ಯಾಡ!”

ಅವಳು ಬಿಟ್ಟ ಚಪ್ಪಲಿಯಲ್ಲೇ ಕಾಲು ತೂರಿಸಿ ಓಡಿದೆ. ಹಿಮ್ಮಡಿಗಳು ಹೊರಗೆ ಉಳಿದಿದ್ದವು. ಹುಲ್ಲಿಗೆ ತಾಗಿದರೆ ಸತ್ತೆ ಎಂದುಕೊಂಡು, ಕಾಲ್ಬೆರಳ ತುದಿಯಲ್ಲಿ ನಿಂತೇ ಗೌಡರ ಕೈಯಿಂದ ಮೈಕು ಕಸಿದೆ.

“ಕಂಬಕ್ಕ ಕೊಕ್ಕಿ ಹಾಕಿದಾಂವ ನಾನ. ಅರ್ಥಿಂಗ್ ಕತ್ತರಿಸಿದಾಂವನೂ ನಾನ. ಕೊಕ್ಕಿ ಹಾಕಂದವ್ರು ಗೌಡ್ರು. ಈ ಮೈಕಿನ್ಯಾಗ ಕರೆಂಟ್ ಐತಿ. ಬರಿಗಾಲಾಗ ಹಿಡದವ್ರು ಸಾಯ್ತಾರ!”

ನನ್ನ ಮಾತು ಸ್ಪೀಕರಿನಿಂದ ಅಥಣಿ ರಸ್ತೆಯವರೆಗೂ ಹೋಯಿತು.

“ಸುಳ್ಳ!” ಗೌಡರು ಚೀರಿದರು. “ಈ ಸಾಬ್ಯಾ ಕುಡದ ಬಂದಾನ! ಮೈಕಿಗೆ ಏನೂ ಆಗಿಲ್ಲ.”

“ಹಂಗಾರ ಬೂಟ್ ಬಿಚ್ಚಿ ಹಿಡೀರಿ, ಗೌಡ್ರ.”

ಮೈಕನ್ನು ಅವರ ಎದೆಯ ಮುಂದೆ ಹಿಡಿದೆ. ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಕುರ್ಚಿಯಲ್ಲಿದ್ದವರೆಲ್ಲ ಅವರ ಕಾಲನ್ನೇ ನೋಡುತ್ತಿದ್ದರು.

ಪರಸವ್ವ ನನ್ನ ಮುಖ ನೋಡಿದಳು, ಮೈಕು ನೋಡಿದಳು. ಆಮೇಲೆ ಹಸಿ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಳು.

“ತಡೀರಿ ಯಪ್ಪಾ, ನಾ ಬಿಚ್ತೇನಿ” ಎಂದು ಗೌಡರ ಬೂಟಿನ ಲೇಸಿಗೆ ಕೈ ಹಾಕಿದಳು.