ಹರಸದ ಜಾಡಿ

ಗಣಿತದವನಾದ ನನಗೆ ವಾಸನೆ ಬರುವ ವಿಜ್ಞಾನ ಯಾವುದೂ ಸೇರುವುದಿಲ್ಲ. ಆದರೂ ಆ ಬೇಸಿಗೆಯನ್ನೆಲ್ಲ ಕುದುರೆ ಹಾಲಿನ ಹುಳಿವಾಸನೆಯಲ್ಲೇ ಕಳೆಯಬೇಕಾಯಿತು. ರಾಜಧಾನಿಯಿಂದ ಅಪ್ಪಣೆ ಬಂದಿತ್ತು. ಇನ್ನು ಮೇಲೆ ಒಂದೊಂದು ಶಾಸ್ತ್ರ ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವಂತಿಲ್ಲ. ಜೀವಶಾಸ್ತ್ರ, ಭೌತಶಾಸ್ತ್ರ, ಗಣಿತ ಮೂರೂ ಸೇರಿ ಒಂದೇ ಸಂಶೋಧನೆ ಮಾಡಬೇಕು. ನಾರಿನ್ ಊರಿನ ನಮ್ಮ ಸಂಸ್ಥೆಯಲ್ಲಿ ಜೀವಶಾಸ್ತ್ರವೆಂದರೆ ಜೂರಾಕನ್, ಎಲ್ಲರ ಬಾಯಲ್ಲಿ ಜೂರಾ. ಭೌತಶಾಸ್ತ್ರವೆಂದರೆ ಜಪಾರ್. ಗಣಿತವೆಂದರೆ ನಾನು, ತೆಮಿರ್. ಮೂವರನ್ನೂ ಒಂದೇ ನೊಗಕ್ಕೆ ಹೂಡಿದರೆ ಏನಾಗುತ್ತದೆ? ಎತ್ತು ಏರಿಗೆ, ಕೋಣ ನೀರಿಗೆ. ಮೂರನೆಯ ಪ್ರಾಣಿ ಎಲ್ಲಿಗೆ ಎಳೆಯಿತು ಎಂದು ಗಾದೆ ಹೇಳುವುದಿಲ್ಲ. ಆ ಪ್ರಾಣಿ ನಾನು.

ಸಂಶೋಧನೆ ಜೂರಾಳದು, ನಾವಿಬ್ಬರು ಬಾಲಂಗೋಚಿಗಳು. ಚರ್ಮದ ಚೀಲಕ್ಕೆ ಕುದುರೆ ಹಾಲು ಹೊಯ್ದು ಕಡೆಯುತ್ತಿದ್ದರೆ ಅದು ತಾನಾಗಿ ಹುಳಿತು ಕಿಮಿಜ್ ಆಗುತ್ತದೆ. ಹಾಗಾದರೆ ಹೆಪ್ಪು ಎಲ್ಲಿಂದ ಬಂತು? ಚೀಲದ ಚರ್ಮದಲ್ಲಿ ಮನೆ ಮಾಡಿರುವ ಜೀವಾಣುಗಳಿಂದ ಎಂದು ಜೂರಾ. ಅಲ್ಲ, ಗಾಳಿಯಲ್ಲಿ ತೇಲುವ ಜೀವಾಣುಗಳಿಂದ ಎಂದು ರಾಜಧಾನಿಯ ಪ್ರೊಫೆಸರ್ ತುರ್ದುಕುಲೋವ್. ದುರದೃಷ್ಟವೆಂದರೆ ಡಾಕ್ಟರೇಟ್ ಕೊಡುವ ಸಮಿತಿಗೆ ಅಧ್ಯಕ್ಷರೂ ಅವರೇ. ಜೂರಾಳ ಪ್ರಬಂಧ ಎರಡು ಸಲ ವಾಪಸು ಬಂದಿತ್ತು. ಮೂರನೆಯ ಸಲವೂ ಬಂದರೆ ಆ ಬಾಗಿಲು ಶಾಶ್ವತವಾಗಿ ಬಂದ್. ಈ ಪ್ರಬಂಧಕ್ಕಾಗಿ ಅವಳು ಮದುವೆಯನ್ನು ಮುಂದೂಡಿ ಮುಂದೂಡಿ, ಕೊನೆಗೆ ಮದುವೆಯೇ ಅವಳನ್ನು ಮರೆತುಬಿಟ್ಟಿತ್ತು. ಹಾಗಾಗಿ ಈ ಬೇಸಿಗೆ ನಮಗೆ ಕೆಲಸವಾದರೆ ಅವಳಿಗೆ ಜೀವನ್ಮರಣದ ಪ್ರಶ್ನೆ.

ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ ಪ್ರತಿ ಗುಡಾರಕ್ಕೂ ಎರಡೆರಡು ಗಾಜಿನ ಜಾಡಿ ಹಂಚಿದೆವು. ಒಂದಕ್ಕೆ ಚೀಲದಿಂದ ಕಿಮಿಜ್ ತುಂಬಿಸಬೇಕು. ಇನ್ನೊಂದನ್ನು, ಕುದಿಸಿ ಶುದ್ಧ ಮಾಡಿದ ಬರಿಯ ಜಾಡಿಯನ್ನು, ರಾತ್ರಿಯೆಲ್ಲ ಚೀಲದ ಪಕ್ಕ ಬಾಯಿ ತೆರೆದಿಟ್ಟು ಬೆಳಿಗ್ಗೆ ಮುಚ್ಚಬೇಕು. ಗಾಳಿಯಲ್ಲಿ ಜೀವಾಣು ಇದ್ದರೆ ಅದರಲ್ಲಿ ಬಿದ್ದಿರುತ್ತದೆ. ಇಲ್ಲದಿದ್ದರೆ ಜೂರಾ ಗೆದ್ದಳು. ಜಪಾರ್ ಚೀಲದ ಬಿಸಿ ಅಳೆಯುವುದು, ಜೀವಾಣು ಹೆಚ್ಚುವ ರೀತಿಗೆ ನಾನೊಂದು ಸಮೀಕರಣ ಬರೆಯುವುದು.

"ಬರೀ ಜಾಡಿಗೆ ಏನಂದ್ರೆ ಏನೂ ಹಾಕ್ಬಾರ್ದು ಅಜ್ಜಿ," ಎಂದು ಜೂರಾ ಹುಲ್ಲುಗಾವಲಿನ ಹಿರಿಯಳಾದ ಬಾತ್ಮಾ ಅಜ್ಜಿಗೆ ಮತ್ತೆ ಮತ್ತೆ ಹೇಳಿದಳು. "ಒಂದು ತೊಟ್ಟೂ ಬೇಡ."

"ಆಯ್ತು ಬಿಡೇ ತಾಯಿ, ನಾನೇನು ಕಿವುಡೀನಾ?" ಎಂದಳು ಅಜ್ಜಿ. ಸುತ್ತ ಕೂತಿದ್ದ ಹೆಂಗಸರೆಲ್ಲ ಒಂದೇ ರಾಗದಲ್ಲಿ ತಲೆಯಾಡಿಸಿದರು. ಹೆಂಗಸರು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಜಾಡಿಗಳು ಬಂದವು. ಬರಿಯ ಜಾಡಿಗಳು ನೋಡಲು ಥಳಥಳ ಬರಿದಾಗಿಯೇ ಇದ್ದವು. ಆದರೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ಅವುಗಳ ಒಳಗೆ ಜಾತ್ರೆ ನೆರೆದಿತ್ತು. ಚೀಲದ ಕಿಮಿಜ್‌ನಲ್ಲಿ ಇದ್ದ ಜೀವಾಣುಗಳೇ ಅಲ್ಲಿಯೂ ಸಂಸಾರ ಹೂಡಿದ್ದವು. ಒಂದು ಗುಡಾರದ ಜಾಡಿಯಲ್ಲ, ಎಲ್ಲ ಗುಡಾರಗಳದೂ ಹಾಗೆಯೇ. ನನ್ನ ಸಮೀಕರಣ ಮಾತ್ರ ಆ ಲೆಕ್ಕಕ್ಕೆ ಹೊಲಿಸಿದ ಅಂಗಿಯಂತೆ ಕೂತಿತು. ನಾನು ಸಂತೋಷ ತಡೆಯಲಾರದೆ ಕಾಗದ ಹಿಡಿದು ಅವಳ ಕೋಣೆಗೆ ಓಡಿದೆ.

"ನೋಡು ಜೂರಾ, ಒಂದು ಚುಕ್ಕೆನೂ ಗೆರೆ ಬಿಟ್ಟು ಆಚೆ ಹೋಗಿಲ್ಲ! ಗಾಳೀನೇ ಕಾರಣ ಅಂತ ಎಷ್ಟು ಚೆನ್ನಾಗಿ ಕಾಣುತ್ತೆ!"

"ನಿನ್ನ ಗೆರೆಗೆ ಬೆಂಕಿ ಹಾಕ," ಎಂದಳು ಜೂರಾ. ಅವಳ ಕಣ್ಣು ಕೆಂಪಾಗಿತ್ತು. ನಾನು ಇಂಗು ತಿಂದ ಮಂಗನಂತೆ ನಿಂತೆ.

ಬೇರೆ ಯಾರೇ ಆಗಿದ್ದರೂ ಆ ಜಾಡಿಗಳನ್ನು ಒಡೆದುಹಾಕಿ, ದಾರಿಯಲ್ಲಿ ಒಡೆದವು ಎಂದು ಹೇಳುತ್ತಿದ್ದರು. ಜಪಾರ್ ಹಾಗೆ ಸೂಚಿಸಿದ್ದೂ ಉಂಟು. ಜೂರಾ ಅವನನ್ನು ಸುಡುವಂತೆ ನೋಡಿದಳು. ಸೋತದ್ದನ್ನು ಸೋತೆ ಎಂದೇ ತುರ್ದುಕುಲೋವ್‌ಗೆ ಹೇಳುತ್ತೇನೆ, ಅದಕ್ಕೆ ಮೊದಲು ಹುಲ್ಲುಗಾವಲಿನವರಿಗೆ ಹೇಳಿ ಬರುವುದು ಮರ್ಯಾದೆ ಎಂದಳು. ಹಟಮಾರಿ ಹೆಂಗಸು, ಆದರೆ ಅಂಥ ಪ್ರಾಮಾಣಿಕತೆಯ ಎದುರು ನನಗೆ ನನ್ನ ಬಗ್ಗೆ ನಾಚಿಕೆಯಾಯಿತು. ಮೂವರೂ ಹಳೆಯ ಜೀಪಿನಲ್ಲಿ ಮತ್ತೆ ಬೆಟ್ಟ ಹತ್ತಿದೆವು.

ಬಾತ್ಮಾ ಅಜ್ಜಿಯ ಗುಡಾರದಲ್ಲಿ ಕೂತು ಕಿಮಿಜ್ ಕುಡಿಯುತ್ತಿದ್ದಾಗ ಆಚೆ ಗುಡಾರದವಳು ತನ್ನ ಬಕೆಟ್ ಕೇಳಿಕೊಂಡು ಬಂದಳು. ಅಜ್ಜಿಯ ಸೊಸೆ ಬಕೆಟ್ ತೊಳೆದು, ಅದಕ್ಕೆ ಒಂದು ಸೌಟು ಕಿಮಿಜ್ ಹಾಕಿ, ಒಮ್ಮೆ ತಿರುಗಿಸಿ, ಹೊರಗೆ ಚೆಲ್ಲಿ, ಕೈಗೆ ಕೊಟ್ಟಳು. ಜೂರಾಳ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಅದೇನು ಮಾಡಿದ್ದು?"

"ಇನ್ನೇನು, ಪಾತ್ರೇನ ಬರಿದಾಗಿ ಕೊಡ್ತಾರಾ? ಅವಳಿಗೆ ಈಗ್ಲೇ ನೀರು ತುಂಬ್ಕೋಬೇಕಂತೆ, ಅದಕ್ಕೆ ಕಿಮಿಜ್ ಬರೀ ತೋರಿಸಿ ಚೆಲ್ಲಿದ್ದು," ಎಂದಳು ಸೊಸೆ.

"ಅಜ್ಜಿ, ನನ್ನ ಜಾಡಿಗಳು?"

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾವೇನು ಮರ್ಯಾದೆಗೆಟ್ಟವರಾ? ನೀನು ಹಾಕ್ಬೇಡ ಅಂದೆ, ನಾವು ಹಾಕಲಿಲ್ಲ. ಬರೀ ತೋರಿಸಿ ಚೆಲ್ಲಿದ್ವಿ. ಆಮೇಲೆ ಬಟ್ಟೇಲಿ ಒರೆಸಿದ್ವಿ ಕೂಡ, ನೀನು ಬೈತೀಯ ಅಂತ."

ಜಪಾರ್ ಕೆಮ್ಮಲು ಶುರುಮಾಡಿದ. ಜೂರಾ ನಕ್ಕಳೋ ಅತ್ತಳೋ ಹೇಳುವುದು ಕಷ್ಟ, ಎರಡೂ ಒಟ್ಟಿಗೇ ಬಂದಿರಬೇಕು. ಅಜ್ಜಿಯನ್ನು ಬೈಯುವಂತೆಯೂ ಇರಲಿಲ್ಲ. ಹೋದ ವಾರವಷ್ಟೇ ನನ್ನ ಹೆಂಡತಿಯ ತಟ್ಟೆಯನ್ನು ಜೂರಾಳೇ ಕರಿದ ಹಿಟ್ಟಿನ ಉಂಡೆ ತುಂಬಿಸಿ ವಾಪಸು ಕಳಿಸಿದ್ದಳು. ಗಾಜಿನ ಜಾಡಿ ನಮ್ಮ ಕಣ್ಣಿಗೆ ಉಪಕರಣ, ಅವರ ಕಣ್ಣಿಗೆ ಪಾತ್ರೆ. ಇಷ್ಟು ಓದಿದ ಮೂವರ ತಲೆಗೂ ಅದು ಹೊಳೆದಿರಲಿಲ್ಲ.

ಈಗ ಜೀಪಿನಲ್ಲಿ ಉಳಿದಿದ್ದ ಹೊಸ ಜಾಡಿಗಳನ್ನು ಕುದಿಸಿ ಇಡಬೇಕು, ಈ ಸಲ ನಿಜವಾಗಿ ಬರಿದಾಗಿ ಪಡೆಯಬೇಕು. ಅಜ್ಜಿ ಖಡಾಖಂಡಿತವಾಗಿ ಆಗುವುದಿಲ್ಲ ಎಂದಳು.

"ಡಾಕ್ಟರ್ ಆಗ್ಬೇಕು ಅಂತ ಹೊರಟವಳ ಕೈಗೆ ನಾನು ಬರೀ ಪಾತ್ರೆ ಕೊಡ್ಲಾ? ನಿನ್ನ ಬಾಳು ಬರಿದಾಗ್ಲಿ ಅಂದ ಹಾಗಲ್ವಾ ಅದು?"

"ನಾವೇ ಬಂದು ಮುಚ್ಕೊಂಡು ತಗೊಂಡು ಹೋಗ್ತೀವಿ, ನೀವು ಮುಟ್ಟೋದೇ ಬೇಡ," ಎಂದ ಜಪಾರ್.

"ನನ್ನ ಗುಡಾರದಿಂದ ನೀವು ಬರೀ ಜಾಡಿ ಹೊತ್ಕೊಂಡು ಹೋಗೋದನ್ನ ಆಚೆ ಮನೆಯವಳು ನೋಡಲ್ವಾ? ಚಳಿಗಾಲ ಮುಗಿಯೋವರೆಗೂ ಅವಳಿಗೆ ಅದೇ ಮಾತು."

"ಹಾಗಾದ್ರೆ ಒಂದು ಮೊಳೆ ಹಾಕಿಡಿ. ಕುದಿಸಿ ತಂದ್ಕೊಡ್ತೀನಿ."

"ಅತಿಥಿಗೆ ಮೊಳೆ ಕೊಡ್ತಾರೇನೋ? ನಿಮ್ಮಪ್ಪ ಕೊಡ್ತಿದ್ನಾ?"

ಇದು ತರ್ಕದಿಂದ ಬಗೆಹರಿಯಬೇಕಾದ ವಿಷಯವೆಂದು ನಾನು ಮುಂದೆ ಬಂದೆ. "ಅಜ್ಜಿ, ಬರಿದು ಅನ್ನೋದು ಏನೂ ಇಲ್ಲ ಅಂತಲ್ಲ. ಗಣಿತದಲ್ಲಿ ಶೂನ್ಯಾನೂ ಒಂದು ಸಂಖ್ಯೆ. ಜಾಡೀಲಿ ಶೂನ್ಯ ಕಿಮಿಜ್ ಇದೆ ಅಂದ್ಕೊಳ್ಳಿ, ಆಯ್ತಲ್ಲ."

ಅಜ್ಜಿ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡಳು. "ಇನ್ನೊಂದು ಬಟ್ಟಲು ಶೂನ್ಯ ಬಡಿಸ್ಲಾ ನಿಂಗೆ? ಹೊಟ್ಟೆ ತುಂಬಾ ಕುಡಿ."

ಗುಡಾರವೆಲ್ಲ ನಕ್ಕಿತು. ನಾನು ಗಣಿತವನ್ನು ಜೇಬಿಗೆ ಹಾಕಿಕೊಂಡೆ. ಆಗ ಜೂರಾ ಮೆಲ್ಲಗೆ, "ಅಜ್ಜಿ, ಆಶೀರ್ವಾದ ತುಂಬಿ ಕೊಟ್ರೆ?" ಎಂದಳು.

ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಗದ್ದಲ ಕೇಳಿ ಬಂದು ಸೇರಿದ್ದ ಹೆಂಗಸರತ್ತ ನೋಡಿದಳು. ಅವರೂ ಯೋಚಿಸಿ ತಲೆಯಾಡಿಸಿದರು. ಆಶೀರ್ವಾದ ತುಂಬಿದ ಪಾತ್ರೆಯನ್ನು ಬರಿದು ಎನ್ನುವ ನಾಲಿಗೆ ಯಾರಿಗಿದೆ? ಒಪ್ಪಂದವಾಯಿತು ಎಂದುಕೊಂಡೆವು. ಆದರೆ ಅಜ್ಜಿ ಆ ಕ್ಷಣವೇ ಒಂದು ಜಾಡಿ ಎತ್ತಿ, ಬಾಯಿಗೆ ಹತ್ತಿರ ಹಿಡಿದು, "ಮನೆ ತುಂಬ ಮಕ್ಕಳಾಗ್ಲಿ" ಎಂದು ಶುರುಮಾಡಿದಳು. ಹಲ್ಲಿಲ್ಲದ ಬಾಯಿ, ಮಕ್ಕಳಿಗಿಂತ ಮೊದಲು ಎಂಜಲು ಒಳಗೆ ಹೋಯಿತು.

"ಉಸಿರು! ಉಸಿರು ಬೀಳುತ್ತೆ!" ಎಂದು ಜಪಾರ್ ಹಾರಿ ಜಾಡಿ ಕಿತ್ತುಕೊಂಡ.

"ಉಸಿರಿಲ್ದೆ ಹರಸೋಕೆ ನಾನೇನು ಸತ್ತಿದ್ದೀನಾ?"

ಮುಚ್ಚಳ ಹಾಕಿದ ಮೇಲೆ ಹರಸಬಹುದಲ್ಲ ಎಂದೆ ನಾನು. ಅದು ಮುಚ್ಚಿದ ಬಾಗಿಲಿಗೆ ಸಲಾಂ ಹೇಳಿದ ಹಾಗೆ ಎಂದು ಅಜ್ಜಿ ಆ ಸಲಹೆಯನ್ನು ಅಲ್ಲೇ ಹೂತಳು. ಉಳಿದದ್ದು ಒಂದೇ ದಾರಿ, ದೂರದಿಂದ ಹರಸುವುದು. ಎಷ್ಟು ದೂರ? ಆಗ ಜಪಾರ್‌ನ ಭೌತಶಾಸ್ತ್ರಕ್ಕೆ ಜೀವ ಬಂತು. ಅವನು ಕುರಿಯ ಉಣ್ಣೆಯ ಎಳೆಯೊಂದನ್ನು ಕೋಲಿಗೆ ಕಟ್ಟಿ ಜಾಡಿಯ ಬಾಯಿಯ ಹತ್ತಿರ ಹಿಡಿದ. ಅಜ್ಜಿ ಹರಸಿದಾಗ ಎಳೆ ಅಲ್ಲಾಡಿದರೆ ಇನ್ನೊಂದು ಹೆಜ್ಜೆ ಹಿಂದೆ. ಕುರಿ ಹೆಚ್ಚಲಿ ಎಂದಾಗ ಎಳೆ ಅಲ್ಲಾಡಿತು. ಕುದುರೆ ಹೆಚ್ಚಲಿ ಎಂದಾಗಲೂ ಅಲ್ಲಾಡಿತು. ಅಜ್ಜಿ ಹಿಂದೆ ಹಿಂದೆ ಸರಿಯುತ್ತಾ ಕೊನೆಗೆ ತನ್ನ ಗುಡಾರದಿಂದಲೇ ಹೊರಬಿದ್ದಳು. "ಜೂರಾಗೆ ಒಳ್ಳೇ ಗಂಡ ಸಿಗ್ಲಿ" ಎಂದು ಅಂಗಳದಿಂದ ಕೂಗಿದಾಗ ಉಣ್ಣೆ ಅಲ್ಲಾಡಲಿಲ್ಲ. ಜೂರಾ ಮಾತ್ರ ಕಿವಿಯವರೆಗೆ ಕೆಂಪಾದಳು.

ನನಗೆ ತಮಾಷೆ ಮಾಡದೆ ಇರಲಾಗಲಿಲ್ಲ. "ಅಜ್ಜಿ, ಬೆಳಕು, ಶಬ್ದ ಎಲ್ಲಾನೂ ದೂರ ಹೋದಷ್ಟೂ ತೆಳ್ಳಗಾಗುತ್ತೆ. ಅಲ್ಲಿಂದ ಕೂಗಿದ ಆಶೀರ್ವಾದ ಜಾಡಿ ಮುಟ್ಟೋ ಹೊತ್ತಿಗೆ ಎಷ್ಟು ಉಳಿದಿರುತ್ತೆ?"

ಅಜ್ಜಿ ನಗಲಿಲ್ಲ. "ನನ್ನ ಮಗ ಮಾಸ್ಕೋದಲ್ಲಿ ರಸ್ತೆ ಗುಡಿಸ್ತಾನೆ. ದಿನಾ ಬೆಳಿಗ್ಗೆ ಇಲ್ಲಿಂದ್ಲೇ ಹರಸ್ತೀನಿ. ಅಲ್ಲೀವರೆಗೆ ಹೋಗೋದು ನಿನ್ನ ಜಾಡಿವರೆಗೆ ಹೋಗಲ್ವೇನೋ?"

ಆ ಸಂಜೆ ನಾನು ಗುಡಾರ ಗುಡಾರಕ್ಕೂ ಹೊಸ ಜಾಡಿ ಹೊತ್ತು ನಡೆದೆ.

ಮರುದಿನ ಬೆಳಿಗ್ಗೆ ಇಡೀ ಹುಲ್ಲುಗಾವಲಿನಲ್ಲಿ ಗದ್ದಲವೆದ್ದಿತು. ಪ್ರತಿ ಗುಡಾರದ ಹೊರಗೂ ಒಬ್ಬೊಬ್ಬ ಹೆಂಗಸು ಅಂಗೈ ಎತ್ತಿ ತನ್ನ ಮನೆಯ ಒಳಕ್ಕೇ ಕೂಗುತ್ತಿದ್ದಳು. ಕುದುರೆಗಳು ಬೆದರಿ ಕಟ್ಟು ಹರಿದುಕೊಂಡವು. ಒಬ್ಬರ ಆಶೀರ್ವಾದ ಇನ್ನೊಬ್ಬರಿಗಿಂತ ಉದ್ದವಾಗಬೇಕೆಂಬ ಪೈಪೋಟಿ ಹುಟ್ಟಿ, ಮಧ್ಯಾಹ್ನದವರೆಗೂ ನಮಗೆ ಜಾಡಿ ಮುಚ್ಚಲು ಬಿಡಲಿಲ್ಲ. ಆದರೆ ಈ ಸಲ ಪ್ರಯೋಗಶಾಲೆಯಲ್ಲಿ ಆ ಜಾಡಿಗಳೆಲ್ಲ ಶುದ್ಧ, ಹೆಪ್ಪಿನ ಜೀವಾಣು ಒಂದೂ ಇರಲಿಲ್ಲ. ನನ್ನ ಸುಂದರ ಸಮೀಕರಣ ಕಸದ ಬುಟ್ಟಿಗೆ ಹೋಯಿತು. ಒಂದು ದಿನ ಮಾತ್ರ ದುಃಖಪಟ್ಟೆ.

ಶರತ್ಕಾಲದಲ್ಲಿ ರಾಜಧಾನಿಯಲ್ಲಿ ಸಮಿತಿ ಸೇರಿತು. ಜೂರಾ ಒಂದನ್ನೂ ಮುಚ್ಚಿಡದೆ, ಜಾಡಿಗಳನ್ನು ಬಾಗಿಲ ಹೊರಗಿನಿಂದ ಹರಸಿದ ಮೇಲೆ ಮುಚ್ಚಲಾಯಿತು ಎಂಬುದನ್ನೂ ಪ್ರಬಂಧದಲ್ಲಿ ಬರೆದಿದ್ದಳು. ಬೇಡ ಎಂದು ನಾನೂ ಜಪಾರ್‌ನೂ ಎಷ್ಟು ಹೇಳಿದರೂ ಕೇಳಿರಲಿಲ್ಲ. ತುರ್ದುಕುಲೋವ್ ಕಡ್ಡಿಯಂಥ ಮುದುಕರು. ಅವರ ಬೆರಳು ನೇರವಾಗಿ ಆ ಸಾಲಿನ ಮೇಲೆಯೇ ಕೂತಿತು.

"ಗಾಳಿಯಲ್ಲಿ ಜೀವಾಣು ಇಲ್ಲ ಅಂತೀರಿ. ಆದ್ರೆ ನಿಮ್ಮ ಅಷ್ಟೂ ಜಾಡೀನೂ ಹರಸಿದ್ದಾರೆ. ಆಶೀರ್ವಾದದಿಂದ್ಲೇ ಜೀವಾಣು ಸತ್ತಿಲ್ಲ ಅಂತ ಹೇಗೆ ಹೇಳ್ತೀರಿ? ಹೋಲಿಸಿ ನೋಡೋಕೆ ಹರಸದ ಜಾಡಿ ಎಲ್ಲಿ?"

ಯಾರೋ ಕಿಸಕ್ಕೆಂದರು. ಆದರೆ ವಿಜ್ಞಾನದ ನಿಯಮದಂತೆ ಪ್ರಶ್ನೆ ನೂರಕ್ಕೆ ನೂರು ಸರಿ. ಉತ್ತರವಿಲ್ಲದಿದ್ದರೆ ಪ್ರಬಂಧ ಮೂರನೆಯ ಸಲ ವಾಪಸು. ಜಪಾರ್ ನನ್ನ ತೋಳು ಹಿಂಡುತ್ತಿದ್ದ.

"ಇಲ್ಲ ಗುರುಗಳೇ," ಎಂದಳು ಜೂರಾ. "ಹರಸದ ಜಾಡಿ ಸಿಗಲಿಲ್ಲ. ಇಡೀ ಹುಲ್ಲುಗಾವಲಲ್ಲಿ ಕೇಳಿದೆ, ಯಾರೂ ಕೊಡಲಿಲ್ಲ." ಆಮೇಲೆ ಅವಳಿಗೆ ಸಿಟ್ಟು ಬಂತು. "ನಿಮ್ಮ ತಾಯಿ ಕೊಚ್‌ಕೋರ್ ಹುಲ್ಲುಗಾವಲಿನ ಕಡೆಯವರಲ್ವಾ? ಇನ್ನೂ ಗಟ್ಟಿಯಾಗಿದ್ದಾರಂತೆ. ಅವರ ಕೈಯಿಂದ ಏನೂ ಹಾಕದ, ಹರಸದ ಬರೀ ಪಾತ್ರೆ ಒಂದೇ ಒಂದು ತರಿಸಿಕೊಡಿ. ಇಲ್ಲೇ ಈ ಪ್ರಬಂಧ ಹರಿದು ಹಾಕ್ತೀನಿ."

ಅಧ್ಯಕ್ಷರ ತಾಯಿಯ ಹೆಸರು ಎತ್ತಿದವರು ಆ ಕೋಣೆಯಲ್ಲಿ ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ತುರ್ದುಕುಲೋವ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

"ಕೊಡಲ್ಲ," ಎಂದರು ಕೊನೆಗೆ. "ಸತ್ರೂ ಕೊಡಲ್ಲ ಅವಳು."

ಅವರು ಮತಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೆಪ್ಪು ಗಾಳಿಯಿಂದ ಬರಲ್ಲ ಅಂತ ನಾನಿನ್ನೂ ಒಪ್ಪಿಲ್ಲ, ಜೂರಾಕನ್. ಆದ್ರೆ ನನ್ನ ತಾಯಿ ಇರೋವರೆಗೂ ನಿಮ್ಮನ್ನ ಸೋಲಿಸೋಕೆ ನನ್ನಿಂದ ಆಗಲ್ಲ," ಎಂದು ಹೇಳಿ, ಎಲ್ಲರಿಗೂ ಕಾಣುವಂತೆ ಪರವಾಗಿ ಗುರುತು ಹಾಕಿದರು.